ಊಟದಾಗ ಏನೋ ಐತಿ

ಬೆಳಿಗ್ಗೆ ಐದೂವರೆಗೆ ಎದ್ದೆ. ನಳ ಬರುವ ದಿನವಾದ್ದರಿಂದ ಮೊದಲು ಎರಡು ಬ್ಯಾರಲ್ ತುಂಬಿದೆ, ಆಮೇಲೆ ಹಂಡೆ, ಆಮೇಲೆ ಕೊಡಗಳು. ಅಂಗಳ ಗುಡಿಸಿ ರಂಗೋಲಿ ಹಾಕಿದೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದೆ. ಎರಡು ಸೇರು ಜೋಳ ಹಸನು ಮಾಡಿ ಬಿಸಿಲಿಗೆ ಹರವಿದೆ. ನಮ್ಮ ಮನೆಯವರ ಎರಡು ಅಂಗಿಗಳಿಗೆ ಗುಂಡಿ ಹಚ್ಚಿದೆ. ಹಾಲಿನವನಿಗೆ ನಾಳೆ ಅರ್ಧ ಲೀಟರ್ ಸಾಕೆಂದು ಹೇಳಿದೆ. ಗ್ಯಾಸಿನ ಪುಸ್ತಕ ಹುಡುಕಿದೆ, ಸಿಗಲಿಲ್ಲ.

ಇಷ್ಟನ್ನೂ ನಡುವೆ ಎಲ್ಲಿಯೂ ಕೂಡದೆ ಮಾಡಿದೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ಒಂದು ಕೊಡ ಎತ್ತಿಟ್ಟರೆ ಗೋಡೆಗೆ ಆತು ನಿಲ್ಲಬೇಕಾಗುತ್ತಿತ್ತು. ಕಳೆದ ವಾರ ನಮ್ಮ ಆಯುರ್ವೇದ ಡಾಕ್ಟರರ ದವಾಖಾನೆಯಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಕುಳಿತಿದ್ದಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ. ಸೆರಗು ಎಳೆದುಕೊಂಡು ಪಿಸುದನಿಯಲ್ಲಿ ಹೇಳಿದಳು: "ನನಗ ಮನ್ಯಾಗ ಯಾರೋ ಮದ್ದು ಹಾಕ್ಯಾರ ಅನಸ್ತದ್ರಿ." ನಾನು ಎರಡು ಮಾತು ಹೇಳುವಷ್ಟರಲ್ಲಿ ಅವಳ ನಂಬರ್ ಬಂತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನಗಾಗ ನಲವತ್ತಾರು. ಬೆಳಿಗ್ಗೆ ಏಳುವಾಗ ಹೊಟ್ಟೆ ಬೆನ್ನಿಗೆ ಅಂಟಿರುತ್ತಿತ್ತು. ದೀಪ ಹಚ್ಚುವ ಹೊತ್ತಿಗೆ ಆರು ತಿಂಗಳ ಬಸುರಿಯ ಹಾಗೆ. ಲಂಗದ ಲಾಡಿಯನ್ನು ದಿನಕ್ಕೆ ಮೂರು ಸಲ ಸಡಿಲಿಸುತ್ತಿದ್ದೆ. ಅದೇ ದಿನಗಳಲ್ಲಿ ಕುಪ್ಪಸದ ತೋಳುಗಳನ್ನು ಎರಡು ಸಲ ಹಿಡಿಸಿದ್ದೆ. ಬಳೆಗಳು ಮೊಣಕೈಯವರೆಗೆ ಜಾರುತ್ತಿದ್ದವು. ತೂಕ ಮೂವತ್ತೆಂಟು ಕಿಲೋಗೆ ಬಂದು ನಿಂತಿತ್ತು. ಒಂದು ಮದುವೆಯಲ್ಲಿ ದೂರದ ಸಂಬಂಧದ ಮುದುಕಿಯೊಬ್ಬಳು ಎಲ್ಲರ ಮುಂದೆ ಕೇಳಿಯೇಬಿಟ್ಟಳು: "ಏನವಾ ನೀಲಾ, ಈ ವಯಸ್ಸಿನಾಗ ಮತ್ತೇನ ವಿಶೇಷ?"

ಉತ್ತರ ಕೊಟ್ಟವರು ನಮ್ಮ ಅತ್ತೆ ಗಂಗವ್ವ. "ಹೌದವಾ, ಗ್ಯಾಸಿನ ಕೂಸು. ಹೆಸರಿಡಾಕ ನೀನ ಬಾ."

ಅತ್ತೆಗೆ ಎಪ್ಪತ್ತನಾಲ್ಕು. ಗಬ್ಬೂರಿನ ನಮ್ಮ ಮನೆಯಲ್ಲಿ ಇರುವವರು ಮೂವರೇ: ಅವರು, ನಾನು, ನಮ್ಮ ಮನೆಯವರು. ಅಡುಗೆ ನನ್ನದಾದರೂ ಕಾಳುಕಡಿ, ಹಿಟ್ಟಿನ ಡಬ್ಬಿ, ಗಿರಣಿಗೆ ಕಳಿಸುವುದು ಅವರ ಕೈಯಲ್ಲೇ. ನಾನು ಸೊರಗಿದಷ್ಟೂ ಅವರು ಬಡಿಸುವುದು ಹೆಚ್ಚಾಯಿತು. ಗೋಧಿ ಹುಗ್ಗಿ, ಗೋಧಿ ಬೆಲ್ಲದ ಮಾದಲಿ, ಚಪಾತಿಯ ಮೇಲೆ ತುಪ್ಪ. "ಉಂಡದ್ದು ಮೈಗೆ ಹತ್ತವಲ್ದು ಇಕಿಗೆ" ಎಂದು ಬಂದವರಿಗೆಲ್ಲ ಹೇಳುವರು. ನಾನು ಉಣ್ಣುವೆ, ಉಬ್ಬುವೆ, ನಾಲ್ಕು ಸಲ ಹಿತ್ತಿಲಿಗೆ ಓಡುವೆ. ನಮ್ಮ ತಾಯಿ ಹೊಟ್ಟೆಯಲ್ಲಿ ಗಡ್ಡೆಯಾಗಿ ಹೀಗೆಯೇ ಸೊರಗಿ ಹೋದವರು. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ.

ಮೊದಲ ಡಾಕ್ಟರರ ಗ್ಯಾಸಿನ ಗುಳಿಗೆಗಳನ್ನು ಆರು ತಿಂಗಳು ನುಂಗಿದೆ. ಆಮೇಲೆ ಪಕ್ಕದ ಮನೆಯವರು ಹಳೇ ಹುಬ್ಬಳ್ಳಿಯ ಒಬ್ಬ ಆಯುರ್ವೇದ ಡಾಕ್ಟರರ ಹೆಸರು ಹೇಳಿದರು. ನನಗೆ ಮನಸ್ಸಿರಲಿಲ್ಲ. ನಮ್ಮ ಓಣಿಯ ಒಬ್ಬ ಹುಡುಗಿ ಮೈ ಬರಲೆಂದು, ಅಂದರೆ ದಪ್ಪಗಾಗಲೆಂದು, ಹೆಸರಿಲ್ಲದ ಪುಡಿ ತಿಂದು, ತಿಂಗಳಲ್ಲಿ ಮುಖ ಬೋಗುಣಿಯಂತೆ ದುಂಡಗಾಗಿ, ಆಮೇಲೆ ಕಾಲು ಬಾತು ದವಾಖಾನೆ ಸೇರಿದ್ದಳು. ಪುಡಿಯಲ್ಲಿ ಸ್ಟೀರಾಯ್ಡ್ ಇತ್ತಂತೆ. ಆದ್ದರಿಂದ ನಾನು ಅಲ್ಲಿಗೆ ಹೋದದ್ದು ರೋಗಿಯ ಹಾಗಲ್ಲ, ತನಿಖೆಗೆ ಬಂದವರ ಹಾಗೆ.

ಡಾಕ್ಟರ್ ಮೂವತ್ತೈದರ ಹೆಣ್ಣುಮಗಳು, ಕನ್ನಡಕ. ನಾಡಿ ಹಿಡಿದು ಬಹಳ ಹೊತ್ತು ಕುಳಿತರು. ಇಷ್ಟು ಹೊತ್ತು ಕೇಳುವಂಥದ್ದು ಅದರಲ್ಲಿ ಏನಿದೆ ಎಂದು ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. ಗುಳಿಗೆ ಕೊಟ್ಟಾಗ ಕೇಳಿದೆ:

"ಇದರಾಗ ಏನೈತ್ರಿ?"

ಒಂದೊಂದರ ಹೆಸರೂ ಚೀಟಿಯಲ್ಲಿ ಬರೆದರು.

"ಸ್ಟೀರಾಯ್ಡ್ ಏನರ ಐತೇನ್ರಿ?"

ಅವರು ನಕ್ಕರು. "ಛಲೋ ಕೇಳಿದ್ರಿ. ಕೇಳದವರನ್ನ ಕಂಡ್ರ ನನಗ ಹೆದರಿಕಿ."

ಇದೂ ವ್ಯಾಪಾರದ ಜಾಣತನವೇ ಇರಬೇಕು ಎಂದುಕೊಂಡೆ. "ಅದೆಲ್ಲಾ ಇರಲ್ರಿ, ಮೈ ಬರೋ ಔಷಧ ಕೊಡ್ರಿ" ಅಂದೆ.

"ಮೈ ಬರೋದು ಆಮ್ಯಾಲ್ರಿ. ಒಲಿನ ಹತ್ತಿಲ್ಲ, ಎಷ್ಟ ಕಟಗಿ ತುರಕಿದ್ರೂ ಬರೇ ಹೊಗಿ ಬರತೈತಿ."

ಊಟಕ್ಕೆ ಮೊದಲು ಉಪ್ಪು ಹಚ್ಚಿದ ಹಸಿಶುಂಠಿ, ಮೊದಲ ತುತ್ತಿಗೆ ಒಂದು ಚಮಚ ತುಪ್ಪ, ಊಟದ ಕೊನೆಗೆ ಇಂಗು ಜೀರಿಗೆಯ ತಿಳಿ ಮಜ್ಜಿಗೆ, ಹೊತ್ತು ಮುಳುಗುವ ಮೊದಲೇ ರಾತ್ರಿಯ ಊಟ. "ಮತ್ತ ಗೋಧಿ ಸದ್ಯ ಬಿಟ್ಟಬಿಡ್ರಿ, ನಿಮಗ ಜಡ ಆಗಾಕತ್ತೈತಿ. ಚಪಾತಿ, ರವಾ, ಶಾವಿಗಿ, ಎಲ್ಲಾ. ಜ್ವಾಳದ ರೊಟ್ಟಿ ಉಣ್ರಿ. ಏನ ಉಂಡ್ರಿ, ಹೊಟ್ಟಿ ಹೆಂಗಾತು, ದಿನಾ ಬರದ ತರ್ರಿ." ಬರೆಯುವುದು ನನಗೆ ಹೊಸದಲ್ಲ, ಮದುವೆಯಾದಾಗಿನಿಂದ ದಿನದ ಕೆಲಸ ಬರೆದಿಡುತ್ತೇನೆ.

ಮೊದಲ ವಾರ ಅರ್ಧರ್ಧ ಗುಳಿಗೆ ತೆಗೆದುಕೊಂಡು, ಉಳಿದರ್ಧಗಳನ್ನು ಕಾಗದದಲ್ಲಿ ಸುತ್ತಿ, ತಾರೀಖು ಬರೆದು ಕಪಾಟಿನಲ್ಲಿಟ್ಟೆ. ನಮ್ಮ ಮನೆಯವರು ನೋಡಿದರು.

"ಪೊಲೀಸರಿಗೆ ಕೊಡಾಕೇನ?"

"ಹೂಂ. ಅರ್ಜಿ ನೀವ ಬರೀಬೇಕಾಗತೈತಿ."

ಎರಡನೇ ವಾರದಿಂದ ಪೂರ್ತಿ ತೆಗೆದುಕೊಂಡೆ. ಎರಡು ತಿಂಗಳಾಯಿತು. ಚಪಾತಿಯ ತಂಟೆಗೆ ಹೋಗಲಿಲ್ಲ, ಉಪ್ಪಿಟ್ಟು ಮುಟ್ಟಲಿಲ್ಲ. ಹೊಟ್ಟೆ ಸ್ವಲ್ಪ ಹಗುರವಾದಂತೆ ಅನ್ನಿಸಿ ಮತ್ತೆ ಉಬ್ಬುವುದು. ತೂಕ ಮೂವತ್ತೆಂಟೇ. ಔಷಧವೇ ಸುಳ್ಳು ಎಂದು ತೀರ್ಮಾನಿಸುವ ಹೊತ್ತಿಗೆ ಅಮ್ಮಿನಬಾವಿಯಿಂದ ಫೋನ್ ಬಂತು. ನನ್ನ ತಂಗಿ ಶಾಂತಾ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಳು. ಅಡುಗೆಗೆಂದು ಹೋದವಳು ಹನ್ನೆರಡು ದಿನ ಇದ್ದೆ. ಅವರ ಹೊಲದ್ದೇ ಜೋಳ, ಹಿತ್ತಿಲಿನ ಪಲ್ಲೆ, ಎಮ್ಮೆಯ ಮಜ್ಜಿಗೆ; ಇಂಗು ಮಾತ್ರ ಅವರ ಮನೆಯಲ್ಲಿ ಇರಲಿಲ್ಲ. ಗುಳಿಗೆ ತಪ್ಪಿಸಲಿಲ್ಲ. ಐದನೆಯ ದಿನ ಲಾಡಿ ಸಡಿಲಿಸುವುದನ್ನೇ ಮರೆತೆ. ಒಂಬತ್ತನೆಯ ದಿನ ಎರಡು ರೊಟ್ಟಿ ಉಂಡು ಮೂರನೆಯದಕ್ಕೆ ಕೈ ಹಾಕಿದೆ. ಗಬ್ಬೂರಿಗೆ ಮರಳಿದ ಮೂರನೇ ದಿನಕ್ಕೆ ಹೊಟ್ಟೆ ಮತ್ತೆ ತಮಟೆ.

ಫೋನಿನಲ್ಲಿ ತಂಗಿಗೆ ಹೇಳಿದೆ. ಅವಳು ದನಿ ಇಳಿಸಿದಳು. "ಅಕ್ಕಾ, ಸಿಟ್ಟಾಗಬ್ಯಾಡ. ನಮ್ಮ ಮನ್ಯಾಗ ಆರಾಮ, ನಿಮ್ಮ ಮನ್ಯಾಗ ಉಬ್ಬತೈತಿ ಅಂದ್ರ ಏನ ಅರ್ಥ? ನಿನಗ ಮದ್ದು ಹಾಕ್ಯಾರ."

ಔಷಧಕ್ಕೂ ನಾವು ಮದ್ದು ಅನ್ನುತ್ತೇವೆ. ಆದರೆ ಮದ್ದು 'ಹಾಕುವುದು' ಎಂದರೆ ಬೇರೆ. ಆಗದವರು ಊಟದಲ್ಲಿ ಏನನ್ನೋ ಬೆರೆಸುತ್ತಾರಂತೆ. ಅದು ಹೊಟ್ಟೆಯಲ್ಲಿ ಕುಳಿತು, ಉಂಡದ್ದನ್ನೆಲ್ಲ ತಾನೇ ತಿಂದು, ಮನುಷ್ಯನನ್ನು ಒಣಗಿಸುತ್ತದಂತೆ. ಅದನ್ನು ವಾಂತಿ ಮಾಡಿಸಿ ತೆಗೆಯುವವರೂ ಇದ್ದಾರೆ. ತೆಗೆದು ತೋರಿಸಿ, ಹಾಕಿದವರು ಯಾರೆಂದು ಹೇಳುತ್ತಾರೆ.

"ಅಮಾಸಿಗೆ ನಾ ಬರತೇನಿ. ಇಲ್ಲೊಬ್ಬ ತಗಿಯಾಂವ ಅದಾನ, ಕರಕೊಂಡ ಹೋಗತೇನಿ" ಅಂದಳು ಶಾಂತಾ.

ಅಮಾವಾಸ್ಯೆಗೆ ಒಂಬತ್ತು ದಿನವಿತ್ತು. ಇಂಥ ಮಾತನ್ನು ನಂಬುವವಳಲ್ಲ ನಾನು, ಪಿಯುಸಿವರೆಗೆ ಓದಿದವಳು. ಆದರೆ ಮನೆಯಲ್ಲಿ ನನ್ನನ್ನು ಬಿಟ್ಟರೆ ಅಡುಗೆಮನೆಗೆ ಬರುವವರು ಒಬ್ಬರೇ. ಮದ್ದು ತೆಗೆಯುವವನು ಅತ್ತೆಯ ಹೆಸರು ಹೇಳಿದರೆ, ಸುಳ್ಳೋ ಖರೆಯೋ, ಮತ್ತೆ ನಾವಿಬ್ಬರೂ ಒಂದು ಒಲೆಯ ಮುಂದೆ ಕೂಡುವುದು ಸಾಧ್ಯವೇ?

ಮರುದಿನ ಡಾಕ್ಟರರ ಹತ್ತಿರ ಹೋದೆ. ಅವರು ನನ್ನ ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದೆ ಮುಂದೆ ತಿರುವಿದರು. ಅಮ್ಮಿನಬಾವಿಯ ಹನ್ನೆರಡು ದಿನಗಳ ಮೇಲೆ ಪೆನ್ನು ಇಟ್ಟರು.

"ಔಷಧ ಅಲ್ಲೂ ತಗೊಂಡ್ರಿ, ಇಲ್ಲೂ ತಗೊಂಡ್ರಿ. ಅಲ್ಲಿ ಆರಾಮ, ಇಲ್ಲಿ ಇಲ್ಲ. ಹಂಗಾರ ಇದು ನನ್ನ ಔಷಧದ ಗುಣಾನೂ ಅಲ್ಲ, ದೋಷಾನೂ ಅಲ್ಲ. ನಿಮ್ಮ ಮನಿ ಊಟದಾಗ ಏನೋ ಐತ್ರಿ."

ಅವರು ಹೇಳಿದ ಅರ್ಥ ಬೇರೆ. ನನ್ನ ಕಿವಿಗೆ ಬಿದ್ದದ್ದು ಬೇರೆ. ಓದಿದ ಡಾಕ್ಟರೂ ಅದನ್ನೇ ಹೇಳಿದರಲ್ಲ ಎಂದುಕೊಂಡೆ. ಬಸ್ಸಿನಲ್ಲಿ ನಮ್ಮ ನಿಲ್ದಾಣ ದಾಟಿ ಮುಂದೆ ಹೋಗಿ ನಡೆದು ಬಂದೆ.

ಅವತ್ತಿನಿಂದ ಅತ್ತೆಯ ಮೇಲೆ ಕಣ್ಣಿಡತೊಡಗಿದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಅವರು ಬಡಿಸಿದ ತಾಟನ್ನು ನೀರು ತರುವ ನೆವದಲ್ಲಿ ಅವರದರ ಜೊತೆ ಅದಲು ಬದಲು ಮಾಡುತ್ತಿದ್ದೆ. ಮೂರನೆಯ ದಿನ ಅವರು ಕೇಳಿದರು: "ಯಾಕವಾ, ನನ್ನ ತಾಟಿನ ಮ್ಯಾಲ ಕಣ್ಣು ನಿನಗ?"

"ನಿಮ್ಮ ರೊಟ್ಟಿ ಮೆತ್ತಗ ಕಂಡ್ವು" ಅಂದೆ.

"ಹಲ್ಲಿಲ್ಲದಾಕಿ ನಾನು, ಮೆತ್ತಗಿನವು ನಿನಗ" ಎಂದು ಗೊಣಗಿ ಉಂಡರು.

ಅಮಾವಾಸ್ಯೆಗೆ ಮೂರು ದಿನವಿರುವಾಗ ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಅಡುಗೆಮನೆಯ ಕಿಟಕಿಯೊಳಗೆ ಅತ್ತೆ ಕಂಡರು. ಗಿರಣಿಗೆ ಹೋಗಬೇಕಾದ ಜೋಳದ ಡಬ್ಬಿ ಮುಂದಿತ್ತು. ಬಾಗಿಲ ಕಡೆ ಒಮ್ಮೆ ನೋಡಿದರು. ಸೆರಗಿನೊಳಗಿನಿಂದ ಏನನ್ನೋ ಡಬ್ಬಿಗೆ ಸುರಿದರು. ಕೈ ಹಾಕಿ ಕಲಸಿ ಮುಚ್ಚಳ ಹಾಕಿದರು. ಕೈಯಲ್ಲಿದ್ದ ಒದ್ದೆ ಸೀರೆಯನ್ನು ಹಗ್ಗದ ಮೇಲೆ ಎಸೆದು ಒಳಗೆ ಬಂದೆ.

ಕೂಗಾಡಲಿಲ್ಲ. "ಇವತ್ತ ಗಿರಣಿಗೆ ನಾನ ಹೋಗತೇನ್ರಿ ಅತ್ತಿ" ಎಂದು ಡಬ್ಬಿ ಎತ್ತಿಕೊಂಡೆ. ಅವರು ತಡೆದರು, ನಾನು ಕೇಳಲಿಲ್ಲ. ಓಣಿ ತಿರುಗಿದ ಮೇಲೆ ಮುಚ್ಚಳ ತೆಗೆದು ನೋಡಿದೆ. ಬಿಳಿ ಜೋಳದ ನಡುವೆ ಕೆಂಪಗಿನ ಉದ್ದ ಕಾಳು. ಗುರುತು ಹತ್ತಿತು, ಆದರೂ ನಂಬಿಕೆ ಬರಲಿಲ್ಲ. ಗಿರಣಿಯ ದಸ್ತಗೀರ ಕಾಕಾ ಮುಂದೆ ಡಬ್ಬಿ ಇಟ್ಟು ಕೇಳಿದೆ.

"ಕಾಕಾ, ಇದರಾಗ ಏನೈತಿ?"

ಅವರು ಹುಬ್ಬಿನ ಮೇಲಿನ ಹಿಟ್ಟು ಒರೆಸಿಕೊಂಡರು. "ಏನ ಇರತೈತ್ರಿ ಅಕ್ಕಾರ, ದಿನದಂಗ. ನಾಕ ಸೇರು ಜ್ವಾಳ, ಒಂದು ಸೇರು ಗೋಧಿ."

"ದಿನದಂಗ?"

"ಎರಡು ತಿಂಗಳಾತಲ್ರಿ." ಆಮೇಲೆ ನಾಲಿಗೆ ಕಚ್ಚಿಕೊಂಡರು. "ಅಯ್ಯ! ಸ್ವಸಿಗೆ ಹೇಳಬ್ಯಾಡ ಅಂದಿದ್ರು ಅಮ್ಮಾರು. ನೀವ ಸ್ವಸಿ ಅಲ್ಲೇನ್ರಿ?"

ಅವತ್ತು ಬೀಸಿಸಲಿಲ್ಲ. ಡಬ್ಬಿ ಹೊತ್ತುಕೊಂಡೇ ಬಸ್ ಹತ್ತಿ ಡಾಕ್ಟರರ ಹತ್ತಿರ ಹೋದೆ. ಅವರು ಡಬ್ಬಿಯೊಳಗೆ ಕೈಯಾಡಿಸಿ, ಒಂದು ಹಿಡಿ ಕಾಳು ಅಂಗೈಯಲ್ಲಿ ಹರವಿ ನೋಡಿದರು. "ರೊಟ್ಟಿಗೆ ಬೆರೆಸಿದ ಇಷ್ಟು ಗೋಧಿಗೆ ಇಷ್ಟು ತ್ರಾಸು ಅಂದ್ರ ಇದು ಬರೇ ಜಡ ಅಲ್ರಿ. ನನಗ ಬ್ಯಾರೇದರ ಸಂಶೆ ಬಂದೈತಿ." ಸತ್ತೂರ ಕಡೆಯ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದರು. "ರಕ್ತ ನೋಡತಾರ, ಬಾಯಾಗಿಂದ ನಳಿಗಿ ಬಿಟ್ಟು ಕರಳು ನೋಡತಾರ. ಅಲ್ಲಿತನಕ ಗೋಧಿ ಬಿಡಬ್ಯಾಡ್ರಿ. ಬಿಟ್ರ ಪರೀಕ್ಷಾದಾಗ ತಿಳಿಯಂಗಿಲ್ಲ."

ಸಂಜೆ ಅತ್ತೆ ಕಟ್ಟೆಯ ಮೇಲೆ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದರು. ಡಬ್ಬಿಯನ್ನು ಅವರ ಪಕ್ಕ ಇಟ್ಟು ಕುಳಿತೆ.

"ಅತ್ತಿ, ಇನ್ನೂ ಸ್ವಲ್ಪ ದಿನ ಹಿಂಗ ಗೋಧಿ ಹಾಕ್ರಿ. ಪರೀಕ್ಷಾ ಆಗೋತನ ಉಣ್ಣಬೇಕಂತ. ಆದ್ರ ಇನ್ನ ಮುಂದ ನನ್ನ ಮುಂದ ಹಾಕ್ರಿ."

ಅವರ ಕೈ ನಿಂತಿತು. "ಆ ದಸ್ತಗೀರನ ಹೊಟ್ಯಾಗ ಒಂದು ಮಾತು ನಿಂದ್ರಂಗಿಲ್ಲ."

"ಯಾಕ ಹಾಕಿದ್ರಿ?"

"ಬರೇ ಜ್ವಾಳ ಉಂಡ್ರ ಮೈಗೆ ಏನ ಹತ್ತತೈತವಾ? ಆ ಡಾಕ್ಟರಿಗೇನ ಗೊತ್ತು. ನಿನ್ನ ಕುತಗಿ ಎಲುಬು ಕಾಣತಿದ್ವು. ನಿಮ್ಮವ್ವ ಹೋಗುಮುಂದ ಹಿಂಗ ಕಂಡಿದ್ಲು. ಹೆದರಿದೆ ನಾನು." ಸೊಪ್ಪನ್ನೇ ನೋಡುತ್ತ ಮುಂದುವರಿಸಿದರು: "ಮತ್ತ ತಾಟು ಯಾಕ ಬದಲು ಮಾಡತಿದ್ದಿ, ನನಗ ಗೊತ್ತಾಗಿಲ್ಲ ಅನಕೊಂಡಿಯೇನು? ನನಗೂ ನಮ್ಮ ಅತ್ತಿ ಮ್ಯಾಲ ಹಂಗ ಸಂಶೆ ಇತ್ತು. ಆದ್ರ ನಾ ತಾಟು ಬದಲು ಮಾಡಲಿಲ್ಲ, ದಡ್ಡಿ, ಉಪಾಸ ಬಿದ್ದೆ. ನೀ ಶ್ಯಾಣ್ಯಾಕಿ."

ನನಗೆ ಅಳುವೂ ಬಂತು, ನಗುವೂ ಬಂತು. "ತಪ್ಪಾತ್ರಿ" ಅಂದೆ. "ನಂದೂ" ಅಂದರು. ಇಬ್ಬರೂ ಸೇರಿ ಸೊಪ್ಪು ಬಿಡಿಸಿ ಮುಗಿಸಿದೆವು.

ಶಾಂತಾಗೆ ಬರಬೇಡವೆಂದು ಫೋನ್ ಮಾಡಿ ಎಲ್ಲ ಹೇಳಿದೆ. "ಹಂಗಾರ ಆ ಮುದುಕಿ ಹಾಕಿದ್ದು ಖರೇ ಆತಲ್ಲ!" ಅಂದಳು. 

ಆಸ್ಪತ್ರೆಯಲ್ಲಿ ಕಾಯುವುದೇ ಒಂದು ಕೆಲಸ. ಮನೆಯ ಮೂವರೂ ಟೋಕನ್ ಹಿಡಿದು ಮೂರು ಸಾಲು ಬದಲಿಸಿದೆವು. ನಮ್ಮ ಮನೆಯವರು ಇಡೀ ಹೊತ್ತು ಎದುರಿನ ಪಟದಲ್ಲಿದ್ದ ಕರುಳಿನ ಚಿತ್ರವನ್ನೇ ಓದುತ್ತಿದ್ದರು. ನನ್ನ ಮುಖ ನೋಡಲಿಲ್ಲ. ನಳಿಗೆ ಬಿಡುವ ಮೊದಲು ಕೊರಳಲ್ಲಿರುವುದನ್ನೆಲ್ಲ ತೆಗೆಯಿರಿ ಎಂದಳು ನರ್ಸ್. ತಾಳಿ ತೆಗೆದುಕೊಟ್ಟೆ. ಇಷ್ಟಲಿಂಗದ ಕರಡಿಗೆಗೆ ಕೈ ಹೋಗಿ ನಿಂತಿತು. ಅದನ್ನು ಮೈಯಿಂದ ಬೇರೆ ಮಾಡುವ ರೂಢಿ ನಮ್ಮಲ್ಲಿಲ್ಲ. ಬಾಗಿಲಲ್ಲಿದ್ದ ಅತ್ತೆ ಜಗಳಕ್ಕೆ ನಿಲ್ಲುವುದರಲ್ಲಿದ್ದರು. ನರ್ಸ್ ಹುಡುಗಿ ನೋಡಿದಳು. "ಇರ್ಲಿ ಬಿಡ್ರಿ, ಕೈಯಾಗ ಗಟ್ಟಿ ಹಿಡಕೊಳ್ರಿ. ಗಾಬರಿ ಆದಾಗ ಹಿಡಿಯಾಕ ಏನರ ಬೇಕ ಆಗತೈತಿ." ಅವಳ ಹೆಸರು ಕೇಳಲಿಲ್ಲ ಎಂಬ ಕೊರಗು ಇನ್ನೂ ಇದೆ.

ವಾರದ ಮೇಲೆ ವರದಿ ಬಂತು. ಗಡ್ಡೆಯಲ್ಲ. ಸೀಲಿಯಾಕ್ ಎಂಬ ಕಾಯಿಲೆ. ನನ್ನ ಕರುಳು ಗೋಧಿಯನ್ನು ವೈರಿ ಎಂದು ತಿಳಿದು ತನ್ನನ್ನು ತಾನೇ ಕೆಡಿಸಿಕೊಂಡಿತ್ತು. ಅತ್ತೆ ಆಸ್ಪತ್ರೆಯ ಡಾಕ್ಟರರೊಡನೆ ಚೌಕಾಶಿಗೆ ಇಳಿದರು.

"ಹಬ್ಬಕ್ಕ ಒಂದು ದಿನಾರ ಹುಗ್ಗಿ?"

"ಇಲ್ಲಜ್ಜಿ. ಇನ್ನ ಜೀವ ಇರೋತನ ಇಲ್ಲ."

"ಒಂದು ಚಮಚ?"

"ಒಂದು ಚಿಟಿಕಿನೂ ಇಲ್ಲ."

ನಾನು ಗಡ್ಡೆಯಲ್ಲ ಎಂಬ ಒಂದೇ ಮಾತಿನಲ್ಲಿ ತೇಲುತ್ತಿದ್ದೆ. ಅತ್ತೆ ಹೊರಗಿನ ಬೆಂಚಿನ ಮೇಲೆ ಕುಳಿತು ಅತ್ತರು. "ನಾನ ತಿನಿಸಿದೆ, ನನ್ನ ಕೈಯಾರೆ ತಿನಿಸಿದೆ" ಎಂದು ಅದನ್ನೇ ಹೇಳಿದರು. ಗೋಧಿ ನಾನು ಈ ಮನೆಗೆ ಬರುವ ಮೊದಲೂ ತಿಂದಿದ್ದೆ, ನೀವು ಬೆರೆಸುವ ಮೊದಲೂ ತಿಂದಿದ್ದೆ ಎಂದು ನಾನು ಹೇಳಿದರೂ ಕೇಳುವವರಲ್ಲ ಅವರು.

ಆಮೇಲಿನ ದಾರಿಯೂ ನೇರವಾಗಿರಲಿಲ್ಲ. ಗೋಧಿ ಬೀಸಿದ ಕಲ್ಲಿನಲ್ಲೇ ಜೋಳ ಬೀಸಿದರೆ ಆಗದು ಎಂದು ತಿಳಿದು, ಕಡೆಗೆ ಮನೆಗೇ ಒಂದು ಸಣ್ಣ ಗಿರಣಿ ತಂದೆವು. ಆದರೂ ವಾರಕ್ಕೆರಡು ದಿನ ಹೊಟ್ಟೆ ಉಬ್ಬುತ್ತಿತ್ತು. ಒಂದು ಮಧ್ಯಾಹ್ನ ಇಂಗಿನ ಡಬ್ಬಿಯ ಮೇಲಿನ ಇರುವೆಯಂಥ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದೆ. ಇಂಗಿನ ಜೊತೆಗೆ ಗೋಧಿ ಹಿಟ್ಟು! ಡಾಕ್ಟರರ ಮಾತಿನಂತೆ ತಿಂಗಳುಗಟ್ಟಲೆ ಮಜ್ಜಿಗೆಗೆ ಹಾಕಿಕೊಂಡು ಕುಡಿದದ್ದು ಅದನ್ನೇ. ಡಬ್ಬಿಯನ್ನು ಆಯುರ್ವೇದ ಡಾಕ್ಟರರ ಮೇಜಿನ ಮೇಲೆ ಕುಕ್ಕಿದೆ. ಅವರು ಓದಿದರು, ಕನ್ನಡಕ ತೆಗೆದು ಇನ್ನೊಮ್ಮೆ ಓದಿದರು. "ಇದು ನನಗ ಹೊಳೀಬೇಕಿತ್ತು. ಹೊಳೀಲಿಲ್ಲ. ತಪ್ಪು ನಂದ್ರಿ." ನನ್ನೆದುರೇ ತಮ್ಮ ಚೂರ್ಣ ಮಾಡಿಕೊಡುವವರಿಗೆ ಫೋನ್ ಮಾಡಿ, ಅದರ ಇಂಗು ಯಾವುದೆಂದು ವಿಚಾರಿಸಿದರು. ಅವತ್ತಿನಿಂದ ಅವರನ್ನು ನಂಬುತ್ತೇನೆ. ಗುಳಿಗೆಯ ಹೆಸರು ಮಾತ್ರ ಇನ್ನೂ ಬರೆಸಿಕೊಳ್ಳುತ್ತೇನೆ.

ಆಸ್ಪತ್ರೆಗೆ ಆರು ತಿಂಗಳಿಗೊಮ್ಮೆ ಹೋಗುತ್ತೇನೆ. ಶುಂಠಿ, ತುಪ್ಪ, ಹೊತ್ತು ಮುಳುಗುವ ಮೊದಲಿನ ಊಟ ಬಿಟ್ಟಿಲ್ಲ; ಅವು ಹಿತವಾಗಿವೆ, ಆದರೆ ಗೋಧಿ ಹೋಗದೆ ಅವುಗಳಿಂದ ಏನೂ ಆಗುತ್ತಿರಲಿಲ್ಲ. ತೂಕ ಈಗ ನಲವತ್ತಾರು ಕಿಲೋ. ಅತ್ತೆಗೆ ಓದಲು ಬಾರದು. ಅಂಗಡಿಯಲ್ಲಿ ಪಾಕೀಟು ಎತ್ತಿ ಸಿಕ್ಕವರ ಮುಂದೆ ಹಿಡಿಯುತ್ತಾರೆ: "ಇದರಾಗ ಗೋಧಿ ಐತೇನ್ ನೋಡಪಾ, ನಮ್ಮ ಸ್ವಸಿಗೆ ಆಗಂಗಿಲ್ಲ."

ಕಳೆದ ವಾರ ದವಾಖಾನೆಯಲ್ಲಿ ಸಿಕ್ಕ ಹೆಣ್ಣುಮಗಳಿಗೆ ನಾನು ಹೇಳಬೇಕಿದ್ದದ್ದು ಇಷ್ಟೇ. ನಿನ್ನ ಕಾಯಿಲೆ ನನ್ನದೇ ಎಂದು ನಾನು ಹೇಳಲಾರೆ. ಸಂಶಯ ಬಂದರೆ ಬರಲಿ, ಅದನ್ನು ಹಿಡಿದುಕೊಂಡು ಡಬ್ಬಿಯ ಮುಚ್ಚಳ ತೆಗೆ, ಪರೀಕ್ಷೆ ಮಾಡಿಸು. ಮನುಷ್ಯರ ಹೆಸರು ಹೇಳುವವನ ಹತ್ತಿರ ಹೋಗಬೇಡ.

ಇವತ್ತು ಮಧ್ಯಾಹ್ನ ಜೋಳದ ರೊಟ್ಟಿ, ಪುಂಡಿಪಲ್ಲೆ, ಜೋಳದ ನುಚ್ಚು, ಮಜ್ಜಿಗೆ. ನಮ್ಮ ಮನೆಯವರು ನಾಲ್ಕು ರೊಟ್ಟಿ ಉಂಡು ಅಂಗಡಿಗೆ ಹೋದರು, ನಾನು ಎರಡೂವರೆ. ಅತ್ತೆ ನುಚ್ಚಿಗೆ ಮಜ್ಜಿಗೆ ಕಲಸಿ, "ಉಪ್ಪು ಸಾಕೇನ ನೋಡು" ಎಂದು ತಮ್ಮ ತಾಟಿನಿಂದ ಒಂದು ತುತ್ತು ಎತ್ತಿ ಹಿಡಿದರು. ಬಾಯಿ ತೆರೆದು ನುಂಗಿದೆ. ಸಾಕು ಅಂದೆ. ತಾಟು ತೊಳೆದು ಚಾಪೆ ಹಾಸಿಕೊಂಡ ಮೇಲೆ ಹೊಳೆಯಿತು: ಮಜ್ಜಿಗೆಗೆ ಗೋಧಿಯಿಲ್ಲದ ಇಂಗನ್ನೇ ಹಾಕಿದ್ದಾರೋ ಎಂದು ಕೇಳಲೇ ಇಲ್ಲ. ಎದ್ದು ಡಬ್ಬಿ ನೋಡಿ ಬರಬೇಕು ಅಂದುಕೊಂಡೆ. ಪಕ್ಕದಲ್ಲಿ ಅತ್ತೆ ಅಡಿಕೆ ಕುಟ್ಟುತ್ತ ಕುಳಿತಿದ್ದರು. ನೋಡಬೇಕು, ಈಗ ಏಳುತ್ತೇನೆ ಎನ್ನುತ್ತಲೇ ಇದ್ದೆ. ಇಬ್ಬರಲ್ಲಿ ಮೊದಲು ನಿದ್ದೆ ಹೋದವಳು ನಾನು.